ಹಾಲಮ್ಮನ ಮೊಣಕೈಯ ತಬ್ಬಲಿ ಕದ

ನಮ್ಮೂರಲ್ಲಿ ರವಿಕೆ ಹೊಲಿಯೋದು ಅಂದ್ರೆ ಹುಡುಗಾಟ ಅಲ್ಲ. ಬೇರೆ ಊರಿನ ಟೈಲರುಗಳಿಗೆ ಎದೆ, ಸೊಂಟ, ತೋಳು ಅಂತ ಟೇಪು ಹಿಡಿದರೆ ಮುಗೀತು. ನಾನು ಟೇಪು ತೆಗೆಯೋಕೆ ಮುಂಚೆ ಕೇಳಬೇಕು: "ಕದ ಎಲ್ಲೆಲ್ಲಿವೆ ತಾಯಿ? ಯಾವುದಕ್ಕೆ ಕಿಂಡಿ ಬಿಡಲಿ, ಯಾವುದಕ್ಕೆ ಒಳಗಿಂದ ಪಟ್ಟಿ ಕೊಡಲಿ?" ಕೇಳದೆ ಹೊಲಿದರೆ ಏನಾಗುತ್ತೆ ಅನ್ನೋದಕ್ಕೆ ಅಂಚೆಮಾಸ್ತರ ಹೆಂಡತಿ ಅಂಬುಜಮ್ಮನೇ ಸಾಕ್ಷಿ. ಆಯಮ್ಮನ ಬೆನ್ನಿನ ಕದಕ್ಕೆ ಒಂದು ಸಲ ಪಟ್ಟಿ ಕೊಡೋದು ಮರೆತೆ. ಅದು ಹುರಿಗಡಲೆ ವಾಸನೆಗೆ ತೆರೆಯೋ ಕದ, ತೆರೆದರೆ ನಿದ್ದೆ. ಮದುವೆಮನೆ ಪಂಕ್ತಿಯಲ್ಲಿ ಯಾರೋ ಚಟ್ನಿಪುಡಿ ಡಬ್ಬಿ ಮುಚ್ಚಳ ತೆಗೆದರು ನೋಡಿ, ಈಕೆ ಕೂತಲ್ಲೇ ಗೊರಕೆ ಹೊಡೆದು ಮುಖವನ್ನ ಪಾಯಸದಲ್ಲಿ ಊರಿದಳು. ಇವತ್ತಿಗೂ ನನ್ನ ಅಂಗಡಿ ಮುಂದೆ ಹಾಯೋವಾಗ ಮೂತಿ ತಿರುವಿಕೊಂಡೇ ಹೋಗ್ತಾಳೆ. ಹೋಗಲಿ ಬಿಡಿ, ನನಗೇನು ಗಿರಾಕಿಗಳಿಗೆ ಬರವೇ?

ಕದ ಅಂದ್ರೆ ತೊಗರಿಬೇಳೆಯಷ್ಟು ಒಂದು ಉಬ್ಬು. ನಮ್ಮೂರಲ್ಲಿ ಹುಟ್ಟಿದೋರಿಗೆಲ್ಲ ಮೈಮೇಲೆ ಅಲ್ಲೊಂದು ಇಲ್ಲೊಂದು ಇರುತ್ತೆ. ಒಂದೊಂದಕ್ಕೂ ಒಬ್ಬ ಒಡೆಯ ಇರ್ತಾನೆ. ಒಡೆಯ ಅಂದ್ರೆ ಮನುಷ್ಯನೇ ಆಗಬೇಕು ಅಂತಿಲ್ಲ. ಮಾವಿನಕಾಯಿ ಆಗಬಹುದು, ಸೀಮೆಎಣ್ಣೆ ಆಗಬಹುದು, ಅತ್ತಿಗೆಯ ಕೆಮ್ಮು ಆಗಬಹುದು. ಒಡೆಯ ಹತ್ತಿರ ಬಂದರೆ ಕದ ತೆರೆಯುತ್ತೆ, ತೆರೆದರೆ ಮೈಯಲ್ಲಿ ಏನೋ ಒಂದು ನಡೆಯುತ್ತೆ. ಕದ ತೆರೆದದ್ದು ಕಣ್ಣಿಗೇನೂ ಕಾಣಲ್ಲ, ಮನುಷ್ಯ ಏನು ಮಾಡ್ತಾನೆ ಅಂತ ನೋಡಿಯೇ ತಿಳಿಯಬೇಕು. ಬೇರೆ ಊರಿನವರಿಗೂ ಕದಗಳಿವೆಯಂತೆ. ಒಂದೊಂದು ಜೀವಕೋಶದ ಮೇಲೂ ಇವೆಯಂತೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣವಂತೆ. ಪಾಪ, ಏನು ಬಾಳೋ ಏನೋ, ಎಲ್ಲಿಗೆ ಕಿಂಡಿ ಬಿಡಿಸ್ತಾರೋ.

ನಾವಂತೂ ಇದಕ್ಕೆ ಹೊಂದಿಕೊಂಡೇ ಬದುಕ್ತೀವಿ. ಇಂಗು ಮಾರೋನು ಬೀದಿಗೆ ಬಂದರೆ ಗಂಟೆ ಬಾರಿಸಿಯೇ ಬರಬೇಕು, ಯಾಕೆಂದರೆ ಮೂರನೇ ಮನೆಯ ಮುದುಕನಿಗೆ ಇಂಗು ಬಡಿದರೆ ಹಳೇ ಜಗಳವೆಲ್ಲ ನೆನಪಾಗುತ್ತೆ. ಬಸ್ಸಿನಲ್ಲಿ ಮಲ್ಲಿಗೆ ಮುಡಿದೋರಿಗೆ ಹಿಂದಿನ ಸೀಟು, ಮುಂದೆ ಕೂತರೆ ಡ್ರೈವರ್ ಹಾಡೋಕೆ ಶುರು ಮಾಡಿ ಸ್ಟಾಪು ಮರೀತಾನೆ. ಇವೆಲ್ಲ ನಮಗೆ ದಿನನಿತ್ಯದ್ದು. ತೊಂದರೆ ಇರೋದು ಒಡೆಯ ಯಾರು ಅಂತ ಗೊತ್ತಿಲ್ಲದ ಕದಗಳಿಂದ. ಅವುಗಳಿಗೆ ತಬ್ಬಲಿ ಕದ ಅಂತೀವಿ. ಬಹಳ ಹಿಂದೆ ಒಬ್ಬ ತಾತನ ಕಿವಿಯ ತಬ್ಬಲಿ ಕದ ಮುಪ್ಪಿನಲ್ಲಿ ಯಾವುದೋ ಓಲಗದ ಸದ್ದಿಗೆ ಫಕ್ಕನೆ ತೆರೆದು, ತಾತ ತೆಂಗಿನಮರ ಹತ್ತಿ ಕೂತು, ಇಳಿಯಲ್ಲ ಅಂದುಬಿಟ್ಟನಂತೆ. ಅವತ್ತಿನಿಂದ ಊರಕಚೇರಿಯವರು ಒಂದು ನಿಯಮ ಮಾಡಿದರು: ನಲವತ್ತು ತುಂಬೋದರೊಳಗೆ ಒಡೆಯ ಸಿಗದಿದ್ದರೆ ಆ ಕದಕ್ಕೆ ಅರಗು ಹಾಕಿ ಮುಚ್ಚಬೇಕು. ಒಂದು ಸಲ ಅರಗು ಬಿತ್ತೋ, ಮುಗೀತು, ಆಮೇಲೆ ಇಂದ್ರ ಬಂದರೂ ತೆರೆಯಲ್ಲ.

ಈಗ ಹಾಲಮ್ಮನ ಕಥೆಗೆ ಬರ್ತೀನಿ. ನನ್ನ ಅಂಗಡಿಗೆ ಎದುರಾಬದುರು ಹಿಟ್ಟಿನ ಗಿರಣಿ, ಅದು ಹಾಲಮ್ಮಂದು, ಅಪ್ಪನಿಂದ ಬಂದದ್ದು. ಗಿರಣಿ ಪಕ್ಕದಲ್ಲಿ ಗಂಡ ಕೊಟ್ರೇಶಿಯ ಸೈಕಲ್ ಅಂಗಡಿ. ಹಾಲಮ್ಮನ ನಗು ಇಡೀ ಊರಿಗೆ ಗೊತ್ತು. ಗಿರಣಿ ಎಷ್ಟೇ ಗಡಗಡ ಅನ್ನಲಿ, ಅದರ ಮೇಲೆ ಈಕೆಯ ನಗು ಕೇಳುತ್ತೆ. ಬೆಲ್ಟು ಹರಿದರೆ ನಗು, ಹಿಟ್ಟು ಚೆಲ್ಲಿದರೆ ನಗು, ಬೈದರೆ ಇನ್ನೂ ಜೋರು ನಗು. ಸಾವಿನ ಮನೆಗೆ ಬಂದರೆ ಆಕೆಯನ್ನ ಸೀದಾ ಹಿತ್ತಲಿಗೆ ಕಳಿಸಿ ನೀರು ಸೇದೋ ಕೆಲಸ ಕೊಡ್ತಿದ್ದೆವು. ಅಲ್ಲಿಂದಲೂ ಕೇಳೋದು, ಏನು ಮಾಡೋದು. ಹುಟ್ಟಿದಾಗ ಸೂಲಗಿತ್ತಿ ಬೆನ್ನಿಗೆ ತಟ್ಟಿದರೆ ಕೂಸು ಅಳಲಿಲ್ಲವಂತೆ, ಕಿಲಕಿಲ ಅಂತಂತೆ. "ಗುಣವೇ ಹಾಗೆ" ಅಂದರು ಹಿರಿಯರು. ನಾವೂ ಹಾಗೇ ಅಂದುಕೊಂಡ್ವಿ.

ಈಕೆಯ ಉಳಿದ ಕದಗಳಿಗೆಲ್ಲ ಒಡೆಯರು ಸಿಕ್ಕಿದ್ದರು. ಎಡ ಮೊಣಕೈಯ ಒಂದು ಕದ ಮಾತ್ರ ತಬ್ಬಲಿಯಾಗಿ ಉಳೀತು. ಆ ಒಂದು ಕದದ ಮೇಲೆ ಹಾಲಮ್ಮನಿಗೆ ಏನು ಆಸೆ ಅಂತೀರಿ! "ರುದ್ರಕ್ಕ, ನನಗೋಸ್ಕರ ಅಂತ ಏನೋ ಒಂದು ಎಲ್ಲಿಂದಲೋ ಹೊರಟಿದೆ ಕಣೇ. ಬರಬೇಕು, ಬರ್ತದೆ" ಅಂತಿದ್ದಳು. ಬರೋದು ಬಂದಾಗ ಕದ ಮುಚ್ಚಿಟ್ಟುಕೊಂಡಿರಬಾರದು ಅಂತ ಎಲ್ಲ ರವಿಕೆಗೂ ಮೊಣಕೈವರೆಗೆ ತೋಳು ಬಿಡಿಸಿ ಅಲ್ಲೊಂದು ಕಿಂಡಿ ಹಾಕಿಸ್ತಿದ್ದಳು. ಹೊಸಾದು ಏನು ಕಂಡರೂ ಮೊಣಕೈ ಮುಂದೆ. ಸಂತೆಗೆ ಯಾವುದೋ ಸೀಮೆಯ ಹಣ್ಣು ಬಂತು, ರಾಶಿಗೆ ಮೊಣಕೈ ಒತ್ತಿದಳು. ಹೊಸ ಕಂಡಕ್ಟರ್ ಬಂದ, ಟಿಕೆಟ್ ಕೊಡೋ ಕೈಗೆ ಮೊಣಕೈ ತಾಗಿಸಿದಳು. ಅವನಿಗೆ ಗಾಬರಿ, ಇವಳಿಗೆ ನಗು. ಏನು ತಾಗಿಸಿದರೂ ಹೊಸದಾಗಿ ಏನೂ ಆಗ್ತಿರಲಿಲ್ಲ.

ಕೊಟ್ರೇಶಿಯ ಪಾಡು ಬೇರೆ. ನಮ್ಮಲ್ಲಿ ಧಾರೆ ಆದ ಮೇಲೆ ಕದ ಮುಟ್ಟೋ ಶಾಸ್ತ್ರ ಇದೆ. ಹೆಣ್ಣಿಗೋ ಗಂಡಿಗೋ ತಬ್ಬಲಿ ಕದ ಇದ್ದರೆ, ಮೊದಲ ಸಲ ಇನ್ನೊಬ್ಬರು ಅದರ ಮೇಲೆ ಬೆರಳಿಡಬೇಕು. ಎಷ್ಟೋ ಜನಕ್ಕೆ ಕಟ್ಟಿಕೊಂಡವರೇ ಒಡೆಯರಾಗಿ ಸಿಕ್ಕದ್ದುಂಟು. ಅವತ್ತು ಕೊಟ್ರೇಶಿ ಬೆವರಿದ ಬೆರಳನ್ನ ಪಂಚೆಗೆ ಒರೆಸಿಕೊಂಡು ಹಾಲಮ್ಮನ ಮೊಣಕೈ ಮುಟ್ಟಿದ. ಹೊಸದಾಗಿ ಏನೂ ಆಗಲಿಲ್ಲ. ಹಾಲಮ್ಮ ಮುಂಚೆ ಹ್ಯಾಗೆ ನಗ್ತಿದ್ದಳೋ ಹಾಗೇ ನಗ್ತಿದ್ದಳು. "ಇವನಲ್ಲ" ಅಂದರು ಯಾರೋ. ಊಟಕ್ಕೆ ಎಲೆ ಹಾಕಿದರು. ಆದರೆ ಆ ಮಾತು ಕೊಟ್ರೇಶಿಯ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಗಿರಣಿಗೆ ಹೋಗ್ತಿದ್ದ, ಹೊರಗಿನ ಕಟ್ಟೆ ಮೇಲೆ ಕೂರ್ತಿದ್ದ, ಹೆಂಡತಿ ಕೊಟ್ಟ ಚಹಾ ಅಲ್ಲೇ ಕುಡೀತಿದ್ದ. ಒಳಗೆ ಕಾಲಿಡ್ತಿರಲಿಲ್ಲ. ಯಾರಾದರೂ ಕೇಳಿದರೆ "ಹಿಟ್ಟಿನ ಧೂಳು ಆಗಲ್ಲ" ಅಂತಿದ್ದ. ಸುಳ್ಳ. ಮನೆಯಲ್ಲಿ ರೊಟ್ಟಿ ಹಿಟ್ಟು ನಾದೋನು ಅವನೇ.

ಹೀಗಿರೋವಾಗ ಹಾಲಮ್ಮನಿಗೆ ನಲವತ್ತು ಹತ್ತಿರ ಬಂತು. ಊರಕಚೇರಿಯ ಕದ ಇನ್ಸ್‌ಪೆಕ್ಟರ್ ಶೇಷಗಿರಿಯಪ್ಪ ಗಿರಣಿಗೆ ಬಂದು ನಿಂತರು. ಬಿರುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳೋ ಮನುಷ್ಯ. ಊರವರು ಅದನ್ನ ಠೀವಿ ಅಂತ ತಿಳಿದಿದ್ದರು. ಎರಡು ಪದರ ಕೊಟ್ಟು ಅಂಚು ಹೊಲಿದೋಳು ನಾನು, ನನಗೆ ಗೊತ್ತು ಅದರ ಕೆಳಗೆ ಏನಿದೆ ಅಂತ. ಅವರ ಕತ್ತಿನ ಕದ ಮೆಂತ್ಯದ ವಾಸನೆಗೆ ತೆರೆಯುತ್ತೆ, ತೆರೆದರೆ ಎರಡೂ ಕೈ ತಾವಾಗಿಯೇ ಚಪ್ಪಾಳೆ ಹೊಡೆಯುತ್ತವೆ. ಅಧಿಕಾರದಲ್ಲಿರೋರು, ಪಾಪ, ಮುಚ್ಚಿಕೊಳ್ಳದೆ ಏನು ಮಾಡ್ತಾರೆ.

"ಹಾಲಮ್ಮನೋರೇ, ಬರೋ ಸೋಮವಾರ ಬೆಳಿಗ್ಗೆ ಅರಗು ಹಾಕ್ತೀವಿ. ನೋವೇನೂ ಆಗಲ್ಲ. ಅಷ್ಟರೊಳಗೆ ಒಡೆಯ ಸಿಕ್ಕಿದರೆ ಸಂತೋಷ" ಅಂದರು.

ಹಾಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಕಣ್ಣಲ್ಲಿ ನೀರು ಬಂದಿದ್ದು ನಾನು ನೋಡಿದೆ. ಇನ್ಸ್‌ಪೆಕ್ಟರ್ ಅತ್ತ ಹೋದ ಮೇಲೆ ನನ್ನ ಅಂಗಡಿಗೆ ಬಂದು ಹೊಲಿಗೆ ಮಿಷನ್ ಪಕ್ಕ ಕುಸಿದು ಕೂತಳು. "ರುದ್ರಕ್ಕ, ಹಹ್ಹಾ... ಅದು ದಾರಿಯಲ್ಲಿದ್ದರೆ? ಮಂಗಳವಾರ ಬಂದರೆ? ಬಂದು ಅರಗು ನೋಡಿ ವಾಪಸ್ ಹೋದರೆ?" ನಗ್ತಾ ಅಳೋರನ್ನ ಸಮಾಧಾನ ಮಾಡೋದು ಬಹಳ ಕಷ್ಟ ಕಣ್ರೀ. ಯಾವುದಕ್ಕೆ ಬೆನ್ನು ಸವರಬೇಕು ಅಂತ ತಿಳಿಯಲ್ಲ.

ಆಮೇಲೆ ಇಡೀ ಬೀದಿ ಒಡೆಯನನ್ನ ಹುಡುಕೋಕೆ ಇಳೀತು. ಎಷ್ಟಾದರೂ ಹಾಲಮ್ಮ ಯಾರಿಗೂ ತೂಕದಲ್ಲಿ ಮೋಸ ಮಾಡಿದೋಳಲ್ಲ. ಗಿರಣಿ ಮುಂದೆ ಸಾಲು ನಿಂತರು. ಒಬ್ಬಳು ಉಪ್ಪಿನಕಾಯಿ ಜಾಡಿ ತಂದಳು, ಒಬ್ಬ ಹಾರ್ಮೋನಿಯಂ ತಂದ, ಒಬ್ಬ ತನ್ನ ಎಮ್ಮೆಯನ್ನೇ ಹೊಡೆದುಕೊಂಡು ಬಂದ. ಎಮ್ಮೆ ಮೊಣಕೈ ನೆಕ್ಕಿತು, ಹಾಲಮ್ಮ ನಕ್ಕಳು, ಎಮ್ಮೆಯ ಕಿವಿ ಹಿಂದಿನ ಯಾವುದೋ ಕದ ತೆರೆದು ಅದು ಹಿಂದಕ್ಕೆ ಹಿಂದಕ್ಕೆ ನಡೆಯೋಕೆ ಶುರುಮಾಡಿತು. ಕಷಾಯ, ಕರ್ಪೂರ, ಹೊಸ ರಬ್ಬರ್ ಚಪ್ಪಲಿ, ನೆರೆಯೂರಿನ ಬಾವಿನೀರು, ಎಲ್ಲ ಆಯ್ತು. ಅಂಬುಜಮ್ಮ ಕೂಡ ಬಂದು ತನ್ನ ಅತ್ತೆಯ ಪಟ ತಾಗಿಸಿ ನೋಡಿದಳು. ಉಹೂಂ. ಕೊಟ್ರೇಶಿ ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ಅವನದ್ದು ಆಗಲೇ ಆಗಿಹೋಗಿತ್ತಲ್ಲ.

ಭಾನುವಾರ ಮಧ್ಯಾಹ್ನ ಗುಡ್ಡದ ಬುಡದಿಂದ ಮಾರ್ತಾಂಡಜ್ಜ ಕೋಲೂರಿಕೊಂಡು ಬಂದ. ಭಂಗಿ ಸೊಪ್ಪು ಅರೆದು ಮಂಡಿನೋವಿಗೆ ಪಟ್ಟು ಹಾಕೋ ಅಜ್ಜ. ಭಂಗಿಗೆ ನಮ್ಮೂರವರ ಮೈಯಲ್ಲಿ ಎರಡು ಕದ ಅಂತ ಎಲ್ಲರಿಗೂ ಗೊತ್ತು. ಒಂದು ಹಣೆ ಪಕ್ಕ, ಕಣತಲೆಯ ಮೇಲೆ. ತೆರೆದರೆ ಸುಮ್ಮಸುಮ್ಮನೆ ನಗು, ಸಿಕ್ಕಾಪಟ್ಟೆ ಹಸಿವು. ಇನ್ನೊಂದು ಪಕ್ಕೆಲುಬಿನ ಕೆಳಗೆ. ತೆರೆದರೆ ಊತ ಇಳಿಯುತ್ತೆ. ಆದರೆ ಅಜ್ಜನ ತಲೆಯಲ್ಲಿ ಒಂದೇ ಹುಳ: ಭಂಗಿಗೆ ಮೂರನೇದು ಇದ್ದೇ ಇದೆ, ಊರಿನ ತಬ್ಬಲಿ ಕದಗಳೆಲ್ಲ ಭಂಗಿಯ ಬಳಗವೇ ಅಂತ. ಹಿಂದೊಮ್ಮೆ ಕುಂಬಾರ ಓಣಿಯ ಸಿದ್ದಲಿಂಗನ ಹಿಮ್ಮಡಿ ಕದಕ್ಕೆ ಸೊಪ್ಪು ಹಚ್ಚಿ, ಮೂರನೇದು ಸಿಕ್ತು ಅಂತ ತಮಟೆ ಬಡಿಸಿದ್ದ. ಅಜ್ಜ ಹಚ್ಚಿದರೆ ಅದು ತೆರೆಯೋದು, ಬೇರೆಯವರು ಹಚ್ಚಿದರೆ ಸುಮ್ಮನಿರೋದು. ಕೊನೆಗೆ ಅದರ ಒಡೆಯ ಸೊಪ್ಪಲ್ಲ, ಮನುಷ್ಯರ ಮೈಯೊಳಗೇ ತಯಾರಾಗೋ ಯಾವುದೋ ಜಿಡ್ಡು, ಅಜ್ಜನ ಬೆರಳಿಗೆ ಅದು ಹತ್ತಿತ್ತು ಅಂತ ಆಯ್ತು. ಅಜ್ಜ ತಮಟೆಯವನಿಗೆ ಮುಖ ತೋರಿಸದೆ ಆರು ತಿಂಗಳು ಗುಡ್ಡ ಇಳಿಯಲಿಲ್ಲ.

"ತಾಯಿ ಹಾಲವ್ವ, ನಿನ್ನ ಮೊಣಕೈ ಭಂಗಿಯದೇ. ನಾನು ಹೇಳ್ತೀನಿ. ನಮ್ಮ ದೇಹ ಏನು ಕಮ್ಮಿನಾ? ತಾನೂ ಒಳಗೊಳಗೇ ಒಂದು ಚಿಟಿಕೆ ಭಂಗಿಯಂಥದ್ದು ಅರೆದುಕೊಳ್ತದೆ. ಅದಕ್ಕೇ ಇಷ್ಟೊಂದು ಕದ ಇಟ್ಟಿರೋದು. ನಾಳೆ ಬೆಳಿಗ್ಗೆ ಬರ್ತೀನಿ, ನೋಡೇಬಿಡೋಣ" ಅಂದ ಅಜ್ಜ.

ಕಟ್ಟೆ ಮೇಲೆ ಕೂತಿದ್ದ ಕೊಟ್ರೇಶಿಯ ಮುಖ ಕಪ್ಪಿಟ್ಟಿತು. ನನ್ನ ಅಂಗಡಿಗೆ ಬಂದು ಮೆಲ್ಲಗೆ ಕೇಳಿದ, "ಅಲ್ಲ ರುದ್ರಕ್ಕ, ನಾನು ಮುಟ್ಟಿದರೆ ತೆರೀಲಿಲ್ಲ. ನಾಳೆ ಒಂದು ಸೊಪ್ಪಿಗೆ ತೆರೆದುಬಿಟ್ಟರೆ? ನಾನು ಸೊಪ್ಪಿಗೆ ಸೋತಂಗಾಯ್ತಲ್ವಾ?"

"ನಿನ್ನ ತಲೆ. ಅರಗು ಬೀಳೋದೇ ನಿನಗೆ ಬೇಕೇನೋ ಮಾರಾಯ?" ಅಂದೆ.

ಸೂಜಿ ಡಬ್ಬಿಯನ್ನ ಆ ಕಡೆ ಈ ಕಡೆ ತಳ್ಳಿದ. "ಬೇಡ. ಅವಳಿಗೆ ಬರಬೇಕಾದ್ದು ಬರಲಿ. ಸೊಪ್ಪಾದರೆ ಸೊಪ್ಪೇ ಆಗಲಿ" ಅಂದ. ಅವತ್ತು ಅವನ ಹರಿದ ಅಂಗಿಜೇಬು ಪುಕ್ಕಟೆ ಹೊಲಿದುಕೊಟ್ಟೆ.

ಸೋಮವಾರ ಬೆಳಿಗ್ಗೆ ಗಿರಣಿ ಅಂಗಳದಲ್ಲಿ ಜನವೋ ಜನ. ಶೇಷಗಿರಿಯಪ್ಪ ಕೆಂಪು ಅರಗಿನ ಕಡ್ಡಿ, ದೀಪ, ಊರಕಚೇರಿಯ ಮುದ್ರೆ ಎಲ್ಲ ಸ್ಟೂಲಿನ ಮೇಲೆ ಜೋಡಿಸಿದರು. ಹಾಲಮ್ಮ ಜೋಳದ ಚೀಲದ ಮೇಲೆ ಕೂತು ನಗ್ತಿದ್ದಳು. ಅಜ್ಜ ಎಲೆಯಲ್ಲಿ ಸುತ್ತಿದ್ದ ಹಸಿರು ಉಂಡೆ ಬಿಚ್ಚಿದ. ಹಾಲಮ್ಮನ ಕಣತಲೆಗೆ ವಾಸನೆ ತಾಗಬಾರದು ಅಂತ ಒದ್ದೆಬಟ್ಟೆ ಕಟ್ಟಿದ, ಕೆಲಸಕ್ಕೆ ಕೈ ಬೇಕಲ್ಲ ಅಂತ ತನಗೂ ಇನ್ಸ್‌ಪೆಕ್ಟರಿಗೂ ಒಂದೊಂದು ಕಟ್ಟಿದ. ನಮ್ಮ ಕಣತಲೆಗಳ ಗತಿ? ಉಳಿದೋರೆಲ್ಲ ಎರಡೂ ಕೈಯಿಂದ ತಲೆ ಅದುಮಿ ಹಿಡಿದು ನಿಂತೆವು, ಇಡೀ ಊರಿಗೇ ತಲೆನೋವು ಬಂದಂಗೆ.

ಅಜ್ಜ "ಶಿವಾ" ಅಂತ ಮೊಣಕೈಗೆ ಸೊಪ್ಪು ಮೆತ್ತಿದ.

ಹಾಲಮ್ಮ ನಗ್ತಿದ್ದಳು. ನಗ್ತಿದ್ದಳು. ಅರ್ಧ ನಗುವಿನಲ್ಲಿ ನಿಲ್ಲಿಸಿದಳು.

ಬಾಯಿ ಮುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. ಆ ಮುಖದಲ್ಲಿ ನಗು ಇಲ್ಲದ್ದನ್ನ ನಾವ್ಯಾರೂ ಹುಟ್ಟಾ ನೋಡಿರಲಿಲ್ಲ. ಹುಬ್ಬುಗಳು ಇರೋ ಜಾಗವೇ ಬೇರೆ ಅನ್ನಿಸಿತು. ಗಿರಣಿಯೊಳಗೆ ಎಲ್ಲೋ ಒಂದು ಇಲಿ ಓಡಾಡೋದು ಕೇಳಿಸ್ತು. ನನಗಂತೂ ನಿಜವಾಗಿ ಹೆದರಿಕೆ ಆಯ್ತು.

"ಏನಾದರೂ ತೆರೀತಾ?" ಅಂದ ಅಜ್ಜ.

"ಏನೂ ಇಲ್ಲ" ಅಂದಳು ಹಾಲಮ್ಮ. ತಣ್ಣಗಿನ ದನಿ. "ಇನ್ಸ್‌ಪೆಕ್ಟರೇ, ಚಪ್ಪಲಿ ಹಾಕ್ಕೊಂಡು ಗಿರಣಿ ಹೊಸ್ತಿಲು ತುಳಿದಿದ್ದೀರಿ, ಇಳೀರಿ. ಅಂಬುಜಮ್ಮ, ನೀವು ಗೋಧಿಗೆ ಕಲ್ಲು ಬೆರೆಸಿ ತಂದು ಹಿಟ್ಟು ಕಮ್ಮಿ ಬಂತು ಅಂತ ಜಗಳ ಆಡ್ತೀರಿ, ಇನ್ನು ಸಾಕು. ರುದ್ರಕ್ಕ, ನೀನು ಹೊಲಿಯೋ ಎಡ ತೋಳು ಯಾವಾಗಲೂ ಬಿಗಿ. ಇಷ್ಟು ವರ್ಷ ನಗ್ತಾ ಹಾಕ್ಕೊಂಡೆ."

ಅಯ್ಯೋ ನನ್ನ ಕರ್ಮವೇ! ಜನ ಒಬ್ಬರ ಹಿಂದೆ ಒಬ್ಬರು ಬಚ್ಚಿಟ್ಟುಕೊಳ್ಳೋಕೆ ನೋಡಿದರು. ತಲೆ ಮೇಲಿನ ಕೈ ತೆಗೆಯೋ ಹಾಗಿಲ್ಲ, ಓಡೋ ಹಾಗಿಲ್ಲ. ಹಾಲಮ್ಮನ ಕಣ್ಣು ಒಬ್ಬೊಬ್ಬರನ್ನೇ ದಾಟಿ ಹೋಗಿ ಕಟ್ಟೆ ಮೇಲಿದ್ದ ಗಂಡನ ಮೇಲೆ ನಿಂತಿತು.

"ರೀ, ನೀವು ಯಾಕೆ ಹೀಗಿದ್ದೀರಿ?"

"ಹ್ಯಾಗಿದ್ದೀನಿ?"

"ಬೇಜಾರಲ್ಲಿದ್ದೀರಿ. ಯಾವಾಗಿನಿಂದ?"

ಕೊಟ್ರೇಶಿ ನೆಲ ನೋಡಿದ. "ಮದುವೆ ದಿನದಿಂದ" ಅಂದ. ಇಡೀ ಊರು ಕೇಳಿಸಿಕೊಂಡಿತು. "ಅವತ್ತು ನಾನು ಮುಟ್ಟಿದೆ. ತೆರೀಲಿಲ್ಲ. ನಾನಲ್ಲ ಅಂತ ಗೊತ್ತಾಯ್ತು. ನಿನಗೇನು, ನೀನು ನಗ್ತಾನೇ ಇದ್ದೆ. ಹೇಳೋದಾದರೂ ಹ್ಯಾಗೆ?"

ಇಷ್ಟು ವರ್ಷ ಚಹಾ ಲೋಟ ಕೊಡೋವಾಗೆಲ್ಲ ಆ ಮುಖ ಎದುರಿಗೇ ಇತ್ತಲ್ಲ, ನಗು ಅಡ್ಡ ಬಂದು ಹಾಲಮ್ಮನಿಗೆ ಕಂಡೇ ಇರಲಿಲ್ಲ. ಈಗ ಕಂಡಿತು. ನನಗೆ ಮೂಗು ಸೋರೋಕೆ ಶುರುವಾಯ್ತು, ಒರೆಸೋಕೆ ಕೈ ಖಾಲಿ ಇಲ್ಲ.

ಅಜ್ಜ ಉಂಡೆಯ ಎಲೆ ಮಡಚಿದ. "ಇದೂ ಅಲ್ಲ ಅಂತಾಯ್ತು. ನನ್ನ ಹಣೆಬರಹ" ಅಂದ. ಶೇಷಗಿರಿಯಪ್ಪ ದೀಪಕ್ಕೆ ಅರಗು ಹಿಡಿದರು. ಸೊಪ್ಪಿನ ಮೇಲೆ ಅರಗು ನಿಲ್ಲಲ್ಲ, ಮೊದಲು ಮೊಣಕೈ ಒರೆಸಬೇಕು. ಭಂಗಿಯ ಜಿಡ್ಡು ನೀರಿಗೆ ಜಗ್ಗಲ್ಲ ಅಂತ ಅಜ್ಜ ಕಡಲೆಕಾಯಿ ಎಣ್ಣೆ ಕೊಟ್ಟ. ಒರೆಸೋಕೆ ಬಟ್ಟೆ? ಸುತ್ತ ಯಾರ ಕೈಯೂ ಬಿಡುವಿಲ್ಲ. ಶೇಷಗಿರಿಯಪ್ಪ ಕೆಲಸದ ಅವಸರದಲ್ಲಿ ಮೈಮರೆತು ತಮ್ಮ ಮಫ್ಲರ್ ಬಿಚ್ಚಿ, ಎಣ್ಣೆಯಲ್ಲಿ ಅದ್ದಿ, ಮೊಣಕೈ ಉಜ್ಜಿದರು.

"ಹಾ... ಹಹ್ಹಹ್ಹಾ!"

ನಗು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೊರಟಿತು. ಅದೇ ಹೊತ್ತಿಗೆ, ಹಿಂದಿನ ದಿನ ಯಾರೋ ಬೀಸಿಸಿದ್ದ ಮೆಂತ್ಯದ ಹಿಟ್ಟಿನ ವಾಸನೆ ಇನ್ಸ್‌ಪೆಕ್ಟರ್ ಕತ್ತಿಗೆ ಬಡೀತು. ಚಪ್ ಚಪ್ ಚಪ್ ಅಂತ ಚಪ್ಪಾಳೆ. ಅರಗಿನ ಕಡ್ಡಿ ಹಾರಿಹೋಗಿ ಹಿಟ್ಟಿನ ಡಬ್ಬಕ್ಕೆ ಬಿತ್ತು. ಆಕೆ ನಗ್ತಾಳೆ, ಈತ ಚಪ್ಪಾಳೆ ಹೊಡೀತಾರೆ, ನಾಟಕ ಮುಗಿದಂಗೆ ಇತ್ತು.

ಅಜ್ಜ ಮಾತ್ರ ನಗಲಿಲ್ಲ. ಕಣ್ಣು ಕಿರಿದು ಮಾಡಿ ಹಾಲಮ್ಮನನ್ನೇ ನೋಡಿದ. ಮೆಲ್ಲಗೆ ಬಂದು ಮತ್ತೆ ಒಂದು ಚೂರು ಸೊಪ್ಪು ಮೆತ್ತಿದ. ನಗು ನಿಂತಿತು.

"ಅಜ್ಜ, ನಿಮ್ಮ ಉಗುರಲ್ಲಿ ಮಣ್ಣಿದೆ" ಅಂದಳು ಹಾಲಮ್ಮ.

ಒರೆಸಿದ. "ಹಹ್ಹಹ್ಹಾ!"

ಮೆತ್ತಿದ. "ಸಾಕು ನಿಲ್ಲಿಸಿ, ನಾನೇನು ರೇಡಿಯೋನಾ?"

ಒರೆಸಿದ. "ಹಹ್ಹಹ್ಹಾ! ರೇಡಿಯೋ ಅಂತೆ!"

ಅಷ್ಟೂ ಜನಕ್ಕೆ ಒಟ್ಟಿಗೇ ಹೊಳೀತು. ನಾವು ಎಂಥ ದಡ್ಡರು ಅಂದ್ರೆ, ಆ ಕದವನ್ನ ತೆರೆಯೋದು ಏನು, ಏನು, ಅಂತ ಜನ್ಮವಿಡೀ ಹುಡುಕಿದ್ದೆವು. ಮುಚ್ಚಿದೆಯಾ ಅಂತ ಒಬ್ಬರೂ ಕೇಳಿರಲಿಲ್ಲ. ಅದು ಹುಟ್ಟಿದಾಗಿನಿಂದ ತೆರೆದೇ ಇತ್ತು! ಸೂಲಗಿತ್ತಿ ತಟ್ಟಿದಾಗ ತೆರೆದಿತ್ತು, ಧಾರೆ ಹೊತ್ತಿನಲ್ಲಿ ತೆರೆದಿತ್ತು, ಎಮ್ಮೆ ನೆಕ್ಕಿದಾಗ ತೆರೆದಿತ್ತು. ಗುಣ ಗುಣ ಅಂತ ನಾವು ಅಂದಿದ್ದೆಲ್ಲ ಆ ತೆರೆದ ಕದದಿಂದ ಬರೋ ಗಾಳಿ. ಭಂಗಿ ಬಂದು ಅದನ್ನ ಮುಚ್ಚಿತ್ತು, ಅಷ್ಟೇ.

"ನಾನು ಹೇಳಲಿಲ್ವಾ? ಭಂಗಿಯ ನೆಂಟಸ್ತಿಕೆ!" ಅಂತ ಅಜ್ಜ ಕೋಲೆತ್ತಿ ಕುಣಿದ.

"ನೆಂಟನೇನೋ ಹೌದು. ಬಾಗಿಲು ಹಾಕ್ಕೊಂಡು ಹೋಗೋ ನೆಂಟ" ಅಂದೆ ನಾನು. ಅಜ್ಜನಿಗೆ ಅದು ಕೇಳಿಸಲಿಲ್ಲ. ತಮಟೆಯವನನ್ನ ಕರೆಯೋಕೆ ಆಗಲೇ ಹೊರಟಿದ್ದ.

ಶೇಷಗಿರಿಯಪ್ಪ ಎಣ್ಣೆ ಮಫ್ಲರನ್ನೇ ಮತ್ತೆ ಸುತ್ತಿಕೊಂಡು ಚಪ್ಪಾಳೆ ನಿಲ್ಲಿಸಿಕೊಂಡರು. ಅಂಬುಜಮ್ಮ ಅವರ ಮುಂದೆ ಹೋಗಿ ಕೈ ಮುಗಿದಳು, ನಂಬ್ತೀರಾ? "ಸ್ವಾಮಿ, ದಯವಿಟ್ಟು ಅರಗು ಹಾಕಬೇಡಿ. ಇವಳು ನಗ್ತಾನೇ ಇರಲಿ. ಅರ್ಧ ಗಳಿಗೆಗೇ ಊರಿನ ಮಾನ ಹೋಯ್ತು." ಎಲ್ಲರೂ ಹೌದು ಹೌದು ಅಂದರು. ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡರು. "ನಿಯಮ ಇರೋದು ಮುಚ್ಚಿರೋ ಕದ ಇದ್ದಕ್ಕಿದ್ದಂಗೆ ತೆರೆದೀತು ಅಂತ. ತೆರೆದೇ ಇರೋದು ಇನ್ನೆಲ್ಲಿ ತೆರೆಯುತ್ತೆ? ಇದು ನಮ್ಮ ಕಚೇರಿಗೆ ಸೇರಿದ್ದಲ್ಲ" ಅಂತ ಹಿಟ್ಟಿನ ಡಬ್ಬದಿಂದ ಅರಗಿನ ಕಡ್ಡಿ ತೆಗೆದು, ಊದಿ, ಜೇಬಿಗೆ ಹಾಕ್ಕೊಂಡು ನಡೆದರು.

ಜನ ಕರಗಿದರು. ಗಿರಣಿಯಲ್ಲಿ ಹಾಲಮ್ಮ, ಕಟ್ಟೆ ಮೇಲೆ ಕೊಟ್ರೇಶಿ, ಮೂರನೆಯವಳು ನಾನು. ನಾನು ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ, ಒಂದು ಗುಂಡಿ ಬಿದ್ದುಹೋಗಿತ್ತು, ಹುಡುಕ್ತಿದ್ದೆ.

"ರುದ್ರಕ್ಕ, ಹಾಗಾದ್ರೆ ಬರೋದು ಏನೂ ಇಲ್ವಾ?" ಅಂದಳು ಹಾಲಮ್ಮ. ನಗುವಿತ್ತು, ಆದರೆ ಸಣ್ಣದಾಗಿತ್ತು. "ನಲವತ್ತು ವರ್ಷ ಕಿಂಡಿ ಬಿಡಿಸಿಕೊಂಡು ದಾರಿ ನೋಡಿದೆನಲ್ಲೇ. ಯಾರೂ ಹೊರಟೇ ಇರಲಿಲ್ವಾ?"

ಕಟ್ಟೆ ಮೇಲಿಂದ ಕೊಟ್ರೇಶಿ ಗೊಣಗಿದ, "ಒಬ್ಬ ಹೊರಟು ಬಂದಿದ್ದ. ಬೆರಳಿಟ್ಟ. ತೆರೀಲಿಲ್ಲ ಅಂತ ಹೊರಗೇ ಕೂತ."

ಹಾಲಮ್ಮ ತಿರುಗಿ ನೋಡಿದಳು. ಬಾಗಿಲಿಗೆ ಬಂದಳು. ಆಮೇಲೆ ಬಂತು ನೋಡಿ ನಗು, ನಾನು ಕೇಳಿದ್ದರಲ್ಲೆಲ್ಲ ದೊಡ್ಡದು, ಚೌಕಟ್ಟು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕಳು, ಕಣ್ಣಲ್ಲಿ ಧಾರಾಕಾರ ನೀರು.

"ತೆರೆದೇ ಇತ್ತಲ್ರೀ! ಅವತ್ತೇ ಒಳಗೆ ಬಂದಾಗಿತ್ತು ನೀವು. ಒಳಗೆ ನಿಂತುಕೊಂಡು ಇಷ್ಟು ವರ್ಷ ಬಾಗಿಲು ಬಡೀತಿದ್ದೀರಲ್ಲಾ!"

ಕೊಟ್ರೇಶಿ ಬಾಯಿ ಬಿಟ್ಟುಕೊಂಡು ಕೂತ. ಏನೋ ಲೆಕ್ಕ ಹಾಕೋನ ಹಾಗೆ ತುಟಿ ಅಲ್ಲಾಡಿದವು. ಮೊದಲು ಕಿವಿ ಕೆಂಪಾಯ್ತು, ಆಮೇಲೆ ಮೂಗಿನಿಂದ ಪುಸ್ ಅಂತ ಒಂದು ಸದ್ದು ಬಂತು. ಆ ಮನುಷ್ಯ ನಗೋದು ಹಾಗೆ ಅಂತ ನನಗೆ ಅವತ್ತೇ ತಿಳಿದದ್ದು.

ಈಗ ಹಾಲಮ್ಮನ ರವಿಕೆಗಳಿಗೆ ಎಡ ತೋಳು ಒಂದು ಬೆರಳು ಸಡಿಲ ಬಿಡ್ತೀನಿ. ಕಿಂಡಿ ಇದ್ದೇ ಇದೆ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಅಜ್ಜ ಕೊಟ್ಟ ಸೊಪ್ಪಿನ ಉಂಡೆಯ ಸಣ್ಣ ಡಬ್ಬಿ ಇಟ್ಟಿದ್ದಾಳೆ. ಕೊಟ್ರೇಶಿಗೆ ಮನಸ್ಸು ಸರಿ ಇಲ್ಲದ ದಿನ ಒಂದು ಚಿಟಿಕೆ ಮೊಣಕೈಗೆ ಮೆತ್ತಿಕೊಂಡು ಎದುರಿಗೆ ಕೂತು ಕೇಳ್ತಾಳೆ. ಕೇಳಿ ಮುಗಿದ ಮೇಲೆ ಒರೆಸಿಕೊಳ್ತಾಳೆ. ಸಾವಿನ ಮನೆಗೂ ಈಗ ಮುಂದಿನ ಬಾಗಿಲಿಂದಲೇ ಬರ್ತಾಳೆ. ಬಸ್ಸು ಬಂದರೆ ಮೊಣಕೈ ಚಾಚೋದು ಮಾತ್ರ ಬಿಟ್ಟಿಲ್ಲ. ಇನ್ನೂ ಯಾಕೆ ಮಾರಾಯ್ತಿ ಅಂದರೆ, "ಬಾಗಿಲು ತೆರೆದಿದೆ ಅಂತ ಬಂದೋರಿಗೆ ಹೇಳಬೇಡ್ವಾ?" ಅಂತಾಳೆ.

ಆ ಸೋಮವಾರ ಕೊಟ್ರೇಶಿ ಕಟ್ಟೆಯಿಂದ ಎದ್ದು, ಚಪ್ಪಲಿ ಬಿಟ್ಟು, ಗಿರಣಿಯೊಳಗೆ ಹೋಗಿ ಜೋಳದ ಚೀಲದ ಮೇಲೆ ಕೂತ. ಹಾಲಮ್ಮ ಅಲ್ಲಿಗೇ ಚಹಾ ತಂದುಕೊಟ್ಟಳು.